ಆ ನೀರು ಚೆಲ್ಲುವ ಮುಂಚೆ ಒಂದು ಮಾತು ಕೇಳಿ

ಸಂಪಾದಕರೇ,

ಅಂಡಾಶಯದ ಕ್ಯಾನ್ಸರ್‌ಗೆ ಹೊಸ ಔಷಧಿ ಲ್ಯಾಬಿನಲ್ಲಿ ಗೆದ್ದಿದೆ ಅಂತ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಗೆದ್ದದ್ದು ಯಾರ ಜೀವಕೋಶದ ಮೇಲೆ ಅಂತ ಯಾರೂ ಬರೆಯುವುದಿಲ್ಲ.

ನಮ್ಮ ದೊಡ್ಡಮ್ಮನಿಗೆ ಇದೇ ಕಾಯಿಲೆ ಇತ್ತು. ಆರು ತಿಂಗಳು ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದರು. ಹೊಟ್ಟೆ ತುಂಬು ಬಸುರಿಯ ಹಾಗೆ ಊದಿದ ಮೇಲೆ ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಸೂಜಿ ಹಾಕಿ ನೀರು ತೆಗೆದರು. ಕೆಂಪು ಬೆರೆತ ಹಳದಿ ನೀರು, ಬಾಟಲಿಗಟ್ಟಲೆ. ಒಂದು ಸಣ್ಣ ಟ್ಯೂಬಿನಷ್ಟು ಪರೀಕ್ಷೆಗೆ ಹೋಯಿತು, ಮಿಕ್ಕಿದ್ದನ್ನು ಆಯಾ ಸಿಂಕಿಗೆ ಸುರಿದು ಬಂದರು.

ಆ ನೀರಿನಲ್ಲಿ ಜೀವಂತ ಕ್ಯಾನ್ಸರ್ ಕೋಶಗಳು ತೇಲುತ್ತಿರುತ್ತವೆ. ಅವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ತಲೆಮಾರಿನ ಮೇಲೆ ತಲೆಮಾರು ಉಳಿಸಿಕೊಂಡರೆ ಅದೇ ಸೆಲ್ ಲೈನ್. ಔಷಧಿಯನ್ನು ಮೊದಲು ಪರೀಕ್ಷಿಸುವುದು ಇವುಗಳ ಮೇಲೆ. ಲೋಕದ ಲ್ಯಾಬುಗಳಲ್ಲಿ ಜಾಸ್ತಿ ಬಳಕೆಯಾದ ಎಸ್‌ಕೆಓವಿ-3 ಎಂಬುದು 1973ರಲ್ಲಿ ಅಮೆರಿಕದ 64 ವರ್ಷದ ಒಬ್ಬ ಹೆಂಗಸಿನ ಹೊಟ್ಟೆಯ ನೀರಿನಿಂದಲೇ ಬಂದದ್ದು. ಆದರೆ 2013ರಲ್ಲಿ 47 ಸೆಲ್ ಲೈನ್‌ಗಳನ್ನು ನಿಜವಾದ ಗಡ್ಡೆಗಳ ಜೊತೆ ಹೋಲಿಸಿ ನೋಡಿದಾಗ, ಎಲ್ಲರೂ ನೆಚ್ಚಿಕೊಂಡಿದ್ದ ಈ ಎಸ್‌ಕೆಓವಿ-3, ಜೊತೆಗೆ ಎ2780 ಎಂಬ ಇನ್ನೊಂದು ಸೆಲ್ ಲೈನ್, ಇವೆರಡೂ, ಹೆಂಗಸರಲ್ಲಿ ಸಾಮಾನ್ಯವಾಗಿ ಕಾಣುವ, ಜಾಸ್ತಿ ಜೀವ ತೆಗೆಯುವ ಬಗೆಯ ಅಂಡಾಶಯದ ಕ್ಯಾನ್ಸರನ್ನು ಅಷ್ಟಾಗಿ ಹೋಲುವುದಿಲ್ಲ ಅಂತ ಗೊತ್ತಾಯಿತು. ಎಷ್ಟು ವರ್ಷದ ದುಡಿಮೆ ಅದು, ಅಲ್ವಾ?

ಹೊಸದಾಗಿ ಬೆಳೆಸುವುದು ಸುಲಭವಲ್ಲ. ಪಾತ್ರೆಗೆ ಬಿದ್ದ ಕೋಶಗಳು ಬಹಳ ಸಲ ಒಂದಷ್ಟು ದಿನ ಬೆಳೆದು ನಿಂತುಬಿಡುತ್ತವೆ, ಇಲ್ಲವೇ ಕ್ಯಾನ್ಸರ್ ಅಲ್ಲದ ಕೋಶಗಳು ಕಳೆಯ ಹಾಗೆ ಹಬ್ಬಿ ಅವನ್ನು ಮುಚ್ಚಿಹಾಕುತ್ತವೆ. ಆದರೂ 2015ರಲ್ಲಿ ಅಮೆರಿಕದ ಒಂದು ತಂಡ ಬೇರೆ ಥರದ ಪೋಷಕ ದ್ರವ ಕೊಟ್ಟು, ಮೂಲ ಗಡ್ಡೆಯನ್ನೇ ಹೋಲುವ 25 ಸೆಲ್ ಲೈನ್ ಬೆಳೆಸಿ ತೋರಿಸಿತು. ನಮ್ಮ ಹೆಂಗಸರ ಕೋಶಗಳೂ ಹೀಗೆ ಜಾಸ್ತಿ ಉಳಿಯಬೇಕು. ಕೋಲಾರದ ಟೊಮೆಟೊ ಬೆಳಕು ಹರಿಯುವಷ್ಟರಲ್ಲಿ ಬೆಂಗಳೂರು ಮುಟ್ಟುತ್ತದೆ, ಆ ನೀರಿಟ್ಟ ಒಂದು ಐಸ್ ಡಬ್ಬಿ ಮುಟ್ಟಲಾರದೇ?

ಒಂದೇ ಷರತ್ತು. ಕೇಳಿ ತೆಗೆದುಕೊಳ್ಳಿ. 1951ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕ್ಯಾನ್ಸರ್ ರೋಗಿಯ ಕೋಶಗಳನ್ನು ಹೇಳದೆ ಕೇಳದೆ ತೆಗೆದುಕೊಂಡರು, ಅವು ಇವತ್ತಿಗೂ ಹೀಲಾ ಅನ್ನುವ ಹೆಸರಲ್ಲಿ ಬೆಳೆಯುತ್ತಿವೆ, ಮನೆಯವರಿಗೆ ಅದು ತಿಳಿದದ್ದು ಎರಡು ದಶಕ ಕಳೆದ ಮೇಲೆ. ನಮ್ಮ ದೊಡ್ಡಮ್ಮನ ಮುಂದೆ ಇಟ್ಟ ಫಾರಂ ಪೂರ್ತಿ ಇಂಗ್ಲಿಷಿನಲ್ಲಿತ್ತು, ಇಲ್ಲಿ ಹೆಬ್ಬೆಟ್ಟು ಒತ್ತಮ್ಮ ಅಂದರು, ಒತ್ತಿದರು, ಅಷ್ಟೆ. ಕನ್ನಡದಲ್ಲಿ ಒಂದು ಹಾಳೆ ಸಾಕು: ಏನು ತೆಗೆಯುತ್ತೇವೆ, ಎಲ್ಲಿಗೆ ಕಳಿಸುತ್ತೇವೆ, ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ. ಓದಲು ಬಾರದವರಿಗೆ ನರ್ಸಮ್ಮ ಪಕ್ಕದಲ್ಲಿ ಕೂತು ಹೇಳಲಿ.

ಆಯಾ ಬಾಟಲಿ ಎತ್ತಿಕೊಂಡು ಹೋಗುವಾಗ ದೊಡ್ಡಮ್ಮ ಅದನ್ನೇ ನೋಡುತ್ತಿದ್ದರು. "ಅಷ್ಟೊಂದು ಚೆಲ್ತಾರಲ್ಲೋ, ಯಾವುದಕ್ಕೂ ಬರಲ್ವಾ ಅದು?" ಅಂದರು. ಕೊಳಕು ನೀರು ಅದು, ಸುಮ್ನಿರು ದೊಡ್ಡಮ್ಮ ಅಂದಿದ್ದೆ ನಾನು.

- ಒಬ್ಬ ಓದುಗ, ಬಂಗಾರಪೇಟೆ, ಕೋಲಾರ ಜಿಲ್ಲೆ