ವೋಟಿಲ್ಲ ಅಂತ ಸುಮ್ಮನಿರಬೇಡ: ಮ್ಯೂನಿಕ್‌ನ ಸಹನಾಳಿಗೆ ದೊಡ್ಡಮ್ಮನ ಪತ್ರ

ಎರ್ಲಾಂಗನ್

ಚಿ. ಸೌ. ಸಹನಾಳಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ಯಜಮಾನರಿಗೂ ಪುಟ್ಟಿಗೂ ಕೂಡ.

"ಇಲ್ಲಿ ಯಾವಾಗ್ಲೂ ಒಂದೇ ಪಕ್ಷ ಗೆಲ್ಲುತ್ತೆ, ನಮಗಂತೂ ವೋಟೇ ಇಲ್ಲ, ಬವೇರಿಯಾ ರಾಜಕೀಯ ಕಟ್ಕೊಂಡು ನಮಗೇನು ದೊಡ್ಡಮ್ಮ" ಅಂದೆಯಲ್ಲ. ಫೋನಿನಲ್ಲಿ ಉತ್ತರ ಹೇಳಿದರೆ ನೀನು ಹೂಂ ಅಂದು ಮರೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಗಮನವೆಲ್ಲ ದೇಶದ ರಾಜಧಾನಿ ಬರ್ಲಿನ್ ಮೇಲೆ. ವೀಸಾದ ಕಾನೂನು, ಪೌರತ್ವದ ಕಾನೂನು ಅಲ್ಲಿಂದ ಬರುತ್ತವೆ, ನಿಜ. ಆದರೆ ಪುಟ್ಟಿಯ ಶಾಲೆ, ವಿಶ್ವವಿದ್ಯಾಲಯ, ಪೊಲೀಸು, ಕೊನೆಗೆ ಬೇಸಿಗೆ ರಜೆ ಯಾವಾಗ ಅನ್ನುವುದು ಕೂಡ ತೀರ್ಮಾನವಾಗುವುದು ಬವೇರಿಯಾ ರಾಜ್ಯದಲ್ಲಿ, ಅದರ ರಾಜಧಾನಿ ಮ್ಯೂನಿಕ್‌ನಲ್ಲಿ. ಇಸಾರ್ ನದಿಯ ಆಚೆ ದಿಬ್ಬದ ಮೇಲೆ ಮ್ಯಾಕ್ಸಿಮಿಲಿಯಾನೆಯುಮ್ ಅಂತ ಒಂದು ಉದ್ದನೆಯ ಕಟ್ಟಡ ಇದೆಯಲ್ಲ, ಅದರ ಮುಂದೆ ನಿಂತು ನೀನು ಫೋಟೊ ಹಾಕಿದ್ದೆ. ಲಾಂಡ್‌ಟಾಗ್ ಸೇರುವುದು ಅಲ್ಲೇ. ನಮ್ಮ ವಿಧಾನಸಭೆ ಇದ್ದ ಹಾಗೆ. ಈ ರಾಜ್ಯ ತನ್ನ ಕೆಲಸಕ್ಕೆ ಬರ್ಲಿನ್ ಕಡೆ ನೋಡಿಕೊಂಡು ಕೂರುವುದಿಲ್ಲ. ಕರ್ನಾಟಕದ ಜೊತೆ 2007ರಿಂದ ನೇರ ಒಪ್ಪಂದ ಇಟ್ಟುಕೊಂಡಿದೆ, ಬೆಂಗಳೂರಿನಲ್ಲಿ ತನ್ನದೇ ಕಚೇರಿಯನ್ನೂ ಇಟ್ಟಿದೆ.

ಪುಟ್ಟಿ ಈಗ ಎರಡನೇ ಕ್ಲಾಸು. ಇನ್ನು ಸ್ವಲ್ಪದರಲ್ಲೇ ರಾಜ್ಯ ಸರ್ಕಾರ ನಿನ್ನ ಮನೆ ಬಾಗಿಲಿಗೆ ಬರುತ್ತದೆ, ನೋಡುತ್ತಿರು. ನಾಲ್ಕನೇ ಕ್ಲಾಸಿನಲ್ಲಿ, ಮೇ ತಿಂಗಳ ಶುರುವಿನಲ್ಲಿ, ಶಾಲೆ ಒಂದು ಪತ್ರ ಕೊಡುತ್ತದೆ. ಜರ್ಮನ್, ಗಣಿತ, ಪರಿಸರ ಪಾಠ, ಮೂರರ ಸರಾಸರಿ 2.33ರ ಒಳಗಿದ್ದರೆ ಗಿಮ್ನಾಸಿಯುಮ್, ಅಂದರೆ ವಿಶ್ವವಿದ್ಯಾಲಯಕ್ಕೆ ಒಯ್ಯುವ ಶಾಲೆ. 2.66ರ ಒಳಗಿದ್ದರೆ ಹತ್ತನೇ ಕ್ಲಾಸಿನವರೆಗಿನ ರೆಆಲ್‌ಶೂಲೆ. ಇಲ್ಲಿ 1 ಅಂದರೆ ಒಳ್ಳೆಯ ಅಂಕ, ಅದನ್ನು ಊರಿಗೆ ಫೋನ್ ಮಾಡಿ ಹೇಳುವಾಗ ಬಿಡಿಸಿ ಹೇಳು, ಇಲ್ಲದಿದ್ದರೆ ಅಜ್ಜಿ ಗಾಬರಿಯಾಗುತ್ತಾರೆ. ಹತ್ತು ವರ್ಷದ ಮಗುವನ್ನು ಹೀಗೆ ದಾರಿ ಬೇರೆ ಮಾಡುವುದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಆಮೇಲೆ ಬೇರೆ ಬಾಗಿಲುಗಳೂ ಇವೆ, ಅದು ಬೇರೆ ಮಾತು. ಹೇಳುವುದಿಷ್ಟೇ, ಇದನ್ನು ಬರೆದದ್ದು ಮ್ಯೂನಿಕ್, ಬದಲಾಯಿಸಬಲ್ಲದ್ದೂ ಮ್ಯೂನಿಕ್. ಗಿಮ್ನಾಸಿಯುಮನ್ನು ಒಂಬತ್ತರಿಂದ ಎಂಟು ವರ್ಷಕ್ಕೆ ಇಳಿಸಿದವರೂ ಇವರೇ, ತಂದೆತಾಯಿಗಳ ಸಿಟ್ಟು ತಡೆಯಲಾಗದೆ ಮತ್ತೆ ಒಂಬತ್ತು ಮಾಡಿದವರೂ ಇವರೇ. ಎರಡು ಸಲವೂ ಅದೇ ಪಕ್ಷದ ಸರ್ಕಾರ.

ಈಗ ಆ ಒಂದೇ ಪಕ್ಷದ ವಿಷಯ. ಸಿಎಸ್‌ಯು 1957ರಿಂದ ಬಿಡದೆ ಅಧಿಕಾರದಲ್ಲಿದೆ, ಅದು ಸುಳ್ಳಲ್ಲ. ಇದು ಬವೇರಿಯಾ ಬಿಟ್ಟು ಹೊರಗೆ ಎಲ್ಲೂ ನಿಲ್ಲುವುದಿಲ್ಲ, ದೇಶದ ಸಿಡಿಯು ಪಕ್ಷ ಇಲ್ಲಿ ನಿಲ್ಲುವುದಿಲ್ಲ. ಆದರೆ 2008ರಲ್ಲಿ ಇವರ ಬಹುಮತ ಹೋಯಿತು. 2023ರ ಅಕ್ಟೋಬರ್ ಚುನಾವಣೆಯಲ್ಲಿ ನೂರಕ್ಕೆ 37 ವೋಟು ಸಿಕ್ಕಿತು, ಇವರ ನಾಯಕ ಮಾರ್ಕುಸ್ ಸೋಡರ್ ಅವರು ಫ್ರೈ ವೇಲರ್ ಪಕ್ಷದ ಜೊತೆ ಸೇರಿ ಸರ್ಕಾರ ಮಾಡಿದರು. ಅಂದಹಾಗೆ ಸೋಡರ್ ನ್ಯೂರ್ನ್‌ಬರ್ಗಿನವರು, ನಮ್ಮ ಫ್ರಾಂಕೋನಿಯಾ, ಅಂದರೆ ಬವೇರಿಯಾದ ಉತ್ತರ ಭಾಗದ ಕಡೆಯವರು. ಇಲ್ಲಿಯ ಜನರನ್ನು ಬವೇರಿಯಾದವರು ಅಂದರೆ ಮುಖ ಸಿಂಡರಿಸುತ್ತಾರೆ. ನೆಪೋಲಿಯನ್ ಕಾಲದಲ್ಲಿ ಸೇರಿಸಿದ್ದು, ಇನ್ನೂ ಅರಗಿಲ್ಲ! ಹಳೇ ಮೈಸೂರು, ಉತ್ತರ ಕರ್ನಾಟಕ ಅಂತ ನಾವು ಮಾಡುವುದಿಲ್ವಾ, ಹಾಗೆ.

ನೀನು ಕಾಣದ್ದು ಇನ್ನೊಂದಿದೆ. ಇಲ್ಲಿ ಜನರೇ ಕಾನೂನು ತರಬಹುದು. ಫೋಕ್ಸ್‌ಬೆಗೇರೆನ್ ಅನ್ನುತ್ತಾರೆ. ವೋಟಿರುವವರಲ್ಲಿ ನೂರಕ್ಕೆ ಹತ್ತು ಜನ ಎರಡು ವಾರದೊಳಗೆ ಟೌನ್ ಹಾಲಿಗೆ ಹೋಗಿ ಸಹಿ ಹಾಕಬೇಕು. ಆನ್‌ಲೈನ್ ಒತ್ತಿದರೆ ಆಗುವುದಿಲ್ಲ, ಖುದ್ದಾಗಿ ಹೋಗಬೇಕು. 2019ರ ಫೆಬ್ರವರಿಯ ಚಳಿಯಲ್ಲಿ ಜೇನುಹುಳ ಉಳಿಸಿ ಅಂತ 17 ಲಕ್ಷಕ್ಕೂ ಜಾಸ್ತಿ ಜನ ಸಾಲು ನಿಂತು ಸಹಿ ಹಾಕಿದರು. ನೂರಕ್ಕೆ 18ರ ಮೇಲೆ. ರೈತರ ಸಂಘದವರು ಗೊಣಗಿದರು, ಆದರೂ ಸೋಡರ್ ಸರ್ಕಾರ ಆ ಮಸೂದೆಯನ್ನು ಇದ್ದ ಹಾಗೇ ಒಪ್ಪಿಕೊಂಡಿತು. ಅದಕ್ಕೂ ಮುಂಚೆ, 2013ರಲ್ಲಿ, ಕಾಲೇಜು ಫೀಸು ತೆಗೆಯಬೇಕು ಅಂತ ಇದೇ ರೀತಿ ಸಹಿ ಬಿತ್ತು, ಫೀಸು ಹೋಯಿತು. 2010ರಲ್ಲಿ ಹೋಟೆಲು, ಬಿಯರ್ ಟೆಂಟುಗಳಲ್ಲಿ ಸಿಗರೇಟು ಸೇದುವುದು ನಿಂತದ್ದೂ ಜನಮತದಿಂದ, ನೂರಕ್ಕೆ 61 ವೋಟಿನಿಂದ. ಬಿಯರಿನ ನಾಡಿನಲ್ಲಿ!

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಓಡಿಪಿ ಅನ್ನುವ ಒಂದು ಸಣ್ಣ ಪಕ್ಷದ ಕತೆ. ಲಾಂಡ್‌ಟಾಗ್ ಚುನಾವಣೆಯಲ್ಲಿ ಇವತ್ತಿನವರೆಗೂ ಒಂದು ಸೀಟು ಗೆದ್ದಿಲ್ಲ. ಆದರೆ ಸಿಗರೇಟು, ಜೇನುಹುಳ ಎರಡನ್ನೂ ಶುರು ಮಾಡಿದ್ದು ಅವರೇ. 1998ರಲ್ಲಿ ಇಲ್ಲಿಯ ಮೇಲ್ಮನೆಯನ್ನೇ ಜನಮತದಿಂದ ಮುಚ್ಚಿಸಿದರು. ನಮ್ಮ ವಿಧಾನ ಪರಿಷತ್ತಿನಂತೆ ಒಂದು ಸೆನೆಟ್ ಇತ್ತು, ಚರ್ಚು, ರೈತರು, ಕಾರ್ಮಿಕ ಸಂಘ ಹೀಗೆ 60 ಜನ. ಖರ್ಚು ಬಿಟ್ಟರೆ ಉಪಯೋಗ ಇಲ್ಲ ಅಂತ ಜನ ತೀರ್ಪು ಕೊಟ್ಟರು, ಬಾಗಿಲು ಹಾಕಿತು. ಸೀಟಿಲ್ಲದವರು ಇಷ್ಟು ಮಾಡಿದ್ದಾರೆ, ತಿಳಿಯಿತಾ?

ಆ ಸಹಿ ನೀನು ಹಾಕುವಂತಿಲ್ಲ, ಅದು ನನಗೂ ಗೊತ್ತು. ನೀನು ಮಾಡಬಹುದಾದದ್ದು ಬೇರೆ ಇದೆ. ಶಾಲೆಯ ಪಾಲಕರ ಸಭೆಗೆ ನೀನೇ ಹೋಗು. ಎಲ್ಟರ್ನ್‌ಬೈರಾಟ್, ಅಂದರೆ ಪಾಲಕರ ಮಂಡಳಿಗೆ ನಿಲ್ಲಲು ಪಾಸ್‌ಪೋರ್ಟ್ ಕೇಳುವುದಿಲ್ಲ. ವರ್ಷಕ್ಕೊಮ್ಮೆ ನಿಮ್ಮ ಬಡಾವಣೆಯಲ್ಲಿ ನಿವಾಸಿಗಳ ಸಭೆ, ಬ್ಯುರ್ಗರ್‌ಫೆರ್‌ಸಾಮ್ಲುಂಗ್ ನಡೆಯುತ್ತದೆ. ಅಲ್ಲಿ ಕೈ ಎತ್ತಿ ವೋಟು ಹಾಕಲು ಜರ್ಮನಿಯದೋ ಯೂರೋಪ್ ಒಕ್ಕೂಟದ ಬೇರೆ ದೇಶದ್ದೋ ಪೌರತ್ವ ಬೇಕು, ಆದರೆ ಎದ್ದು ಮಾತಾಡಲು ಆ ಊರಿನಲ್ಲಿ ವಾಸವಿದ್ದರೆ ಸಾಕು. ವ್ಯಾಕರಣ ತಪ್ಪಿದರೆ ತಪ್ಪಲಿ. ನಮ್ಮವರು ಅಲ್ಲಿಗೆ ಹೋಗುವುದೇ ಇಲ್ಲ, ವಾಟ್ಸಾಪಿನಲ್ಲಿ ಬೈದುಕೊಂಡು ಕೂರುತ್ತಾರೆ.

ಆ ಗುಂಪುಗಳಲ್ಲಿ ಇನ್ನೊಂದು ಮಾತು ಓಡಾಡುತ್ತಿದೆ. "ನಾವು ಟ್ಯಾಕ್ಸ್ ಕಟ್ಟುವವರು, ಎಎಫ್‌ಡಿ ಬಂದರೂ ನಮ್ಮ ತಂಟೆಗೆ ಬರಲ್ಲ" ಅಂತ. 2023ರಲ್ಲಿ ಅವರಿಗೆ ಬವೇರಿಯಾದಲ್ಲೂ ನೂರಕ್ಕೆ 14.6 ವೋಟು ಬಿದ್ದಿದೆ. ಹೊರಗಿನವರು ಬೇಡ ಅನ್ನುವ ಪಕ್ಷ ಸಂಬಳದ ಚೀಟಿ ನೋಡಿ ಮನುಷ್ಯರನ್ನು ಬೇರೆ ಮಾಡುತ್ತದೆ ಅಂತ ನಾನು ನಂಬುವುದಿಲ್ಲ. ನೀನೂ ನಂಬಬೇಡ.

ಬೇಸರವಾದಾಗ ರಾಜ್ಯದ ಸಂವಿಧಾನದ 141ನೇ ವಿಧಿ ಓದು. ಬೆಟ್ಟ, ಕೆರೆ, ಕಾಡುಗಳಲ್ಲಿ ಓಡಾಡುವ ಹಕ್ಕು, ಕಾಡಿನ ಹಣ್ಣನ್ನು ಊರಿನ ರೂಢಿಯಷ್ಟು ಕಿತ್ತುಕೊಳ್ಳುವ ಹಕ್ಕು ಎಲ್ಲರಿಗೂ ಇದೆ. 1946ರಲ್ಲಿ ಬರೆದದ್ದು, ಯುದ್ಧ ಮುಗಿದು ಜನ ಹಸಿದಿದ್ದ ಕಾಲ. ಅಲ್ಲೂ ಪಾಸ್‌ಪೋರ್ಟ್ ಮಾತಿಲ್ಲ.

ಪೌರತ್ವದ ಬಗ್ಗೆ ಅವಸರ ಮಾಡಬೇಡ. 2024ರ ಜೂನ್‌ನಿಂದ ಐದು ವರ್ಷ ಸಾಕು, ಹಳೇ ಪೌರತ್ವ ಬಿಡಿ ಅಂತ ಜರ್ಮನಿ ಕೇಳುವುದಿಲ್ಲ. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಭಾರತ ಮೂಲದ ವಿದೇಶಿಯರಿಗೆ ಕೊಡುವ ಓಸಿಐ ಕಾರ್ಡು ಸಿಗುತ್ತದೆ, ಊರಿನಲ್ಲಿ ವೋಟು ಹೋಗುತ್ತದೆ, ಕೃಷಿ ಜಮೀನು ಕೊಳ್ಳುವಂತಿಲ್ಲ. ಅಪ್ಪನ ಹತ್ತಿರ ಕೂತು ಮಾತಾಡಿಯೇ ನಿರ್ಧಾರ ಮಾಡು. ಅರ್ಜಿ ಹಾಕುವುದಾದರೆ ಪೌರತ್ವ ಪರೀಕ್ಷೆಯ 33 ಪ್ರಶ್ನೆಗಳಲ್ಲಿ 3 ಬವೇರಿಯಾದ ಮೇಲೇ ಬರುತ್ತವೆ. ಅವನ್ನು ನನ್ನ ಹತ್ತಿರ ಕೇಳು, ಯಜಮಾನರ ಹತ್ತಿರ ಬೇಡ. ಅವರಿಗೆ ಬಯರ್ನ್ ಫುಟ್ಬಾಲ್ ತಂಡದ ಸ್ಕೋರು ಬಿಟ್ಟು ಬೇರೇನೂ ಗೊತ್ತಿಲ್ಲ.

ಇಂತಿ ನಿನ್ನ
ದೊಡ್ಡಮ್ಮ