ಈ ಭಾನುವಾರ: ಚಿತ್ರಕಲಾ ಲೋಕದ ಸೋಜಿಗಗಳು

ಗೆಳೆಯರೇ, ಕಲೆಯ ಇತಿಹಾಸದಲ್ಲಿ ನಿಮ್ಮನ್ನು ನಗಿಸಿದ ಒಂದು ಘಟನೆಯನ್ನು ಭಾನುವಾರ ಇಲ್ಲಿ ಬರೆಯಿರಿ. ನಾನೇ ಶುರು ಮಾಡುತ್ತೇನೆ.

1961ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಫ್ರೆಂಚ್ ಕಲಾವಿದ ಹೆನ್ರಿ ಮಾಟಿಸ್ ಅವರ 'ದೋಣಿ' ಎಂಬ ಚಿತ್ರ 47 ದಿನ ತಲೆಕೆಳಗಾಗಿ ನೇತಾಡುತ್ತಿತ್ತು! ಒಂದು ಹಾಯಿದೋಣಿ, ನೀರಿನಲ್ಲಿ ಅದರ ಪ್ರತಿಬಿಂಬ. ಮೋಸಹೋಗುವುದು ಸುಲಭ, ಅಲ್ವಾ? ಲಕ್ಷಕ್ಕೂ ಹೆಚ್ಚು ಜನ ನೋಡಿ ಹೋದರು. ಕಂಡುಹಿಡಿದದ್ದು ಷೇರು ವ್ಯವಹಾರದ ಒಬ್ಬ ಮಹಿಳೆ. ಪ್ರತಿಬಿಂಬಕ್ಕಿಂತ ದೋಣಿಯಲ್ಲೇ ವಿವರ ಜಾಸ್ತಿ ಇರಬೇಕು ಅನ್ನುವುದು ಅವರ ಲೆಕ್ಕಾಚಾರ. ಎಂಥ ಸೂಕ್ಷ್ಮ ಕಣ್ಣು! ಕಾವಲುಗಾರರು ಕಿವಿಗೊಡಲಿಲ್ಲ. ಆ ಮಹಿಳೆ ಸುಮ್ಮನಾಗದೆ ಪತ್ರಿಕೆಗೆ ತಿಳಿಸಿದರು. ಆಮೇಲೆ ಚಿತ್ರ ನೆಟ್ಟಗಾಯಿತು.

ನೀವು ಬರೆಯುವಾಗ ಕಲಾವಿದರ ಹೆಸರು, ವರ್ಷ ಇರಲಿ. ಸುಮ್ನೆ ಫಾರ್ವರ್ಡ್ ಮಾಡಬೇಡಿ, ನಿಮ್ಮ ಮಾತಿನಲ್ಲೇ ಹೇಳಿ.