ಹಳ್ಳದ ಬಾಯಿಯ ಜಮೀನು ಉಳಿಸಿಕೊಳ್ಳಲು ದೇಣಿಗೆ ಮನವಿ

ಕೆರೆ ದಂಡೆಯ ಎಲ್ಲ ಮನೆಯವರಿಗೂ, ದೂರದಲ್ಲಿದ್ದೇ ಕೈಜೋಡಿಸುತ್ತಿರುವ ಹಿತೈಷಿಗಳಿಗೂ ನಮಸ್ಕಾರ.

ಹಳ್ಳ ಬಂದು ಕೆರೆಗೆ ಸೇರುವಲ್ಲಿರುವ ಜೌಗು ಜಮೀನಿಗೆ ನಾವು ಮುಂಗಡ ಕೊಟ್ಟಿರುವುದು ನಿಮಗೆ ಗೊತ್ತೇ ಇದೆ. ಕರಾರಿನ ಗಡುವು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅಷ್ಟರಲ್ಲಿ ಬಾಕಿ ಕಟ್ಟದಿದ್ದರೆ ಮುಂಗಡವೂ ಹೋಯಿತು, ಜಮೀನೂ ಹೋಯಿತು. ಸೈಟು ಮಾಡಿ ಮಾರುವವರು ಕಾಯುತ್ತಾ ಕೂತಿದ್ದಾರೆ.

ಕಳೆದ ಮಳೆಗಾಲದ್ದು ಮರೆತಿಲ್ಲ ಅಲ್ವಾ? ಮೇಲಿನ ಇಳಿಜಾರಿನ ಮರ ಕಡಿದು ನೆಲ ಮಟ್ಟ ಮಾಡಿದ್ದರು. ಒಂದೇ ಜೋರು ಮಳೆಗೆ ಮಣ್ಣೆಲ್ಲ ಕೆಳಗಿಳಿಯಿತು. ಮೀನು ಮೊಟ್ಟೆ ಇಡುವ ದಂಡೆಯಂಚಿನಲ್ಲಿ ಕಾಲು ಹೂತುಹೋಗುವಷ್ಟು ಕೆಸರು. ಬಿಸಿಲು ಏರಿದ ಮೇಲೆ ನೀರಿನ ತುಂಬ ಪಾಚಿ. ಮೀನು ಹಿಡಿದು ಬದುಕುವ ಮನೆಯವರು ಖಾಲಿ ಬಲೆ ತೊಳೆದು ತೊಳೆದು ಸುಸ್ತಾದರು.

ಮಣ್ಣಿನ ಜೊತೆ ಬರುವ ರಂಜಕವೇ ಪಾಚಿಗೆ ಗೊಬ್ಬರ. 1973ರಲ್ಲಿ ಕೆನಡಾದ ವಿಜ್ಞಾನಿಗಳು, ಪ್ರಯೋಗಕ್ಕೆಂದೇ ಇಟ್ಟುಕೊಂಡಿದ್ದ ಕೆರೆಗಳಲ್ಲಿ 226ನೇ ನಂಬರಿನದಕ್ಕೆ ನಡುವೆ ಪರದೆ ಕಟ್ಟಿದರು. ಎರಡೂ ಕಡೆ ಸಾರಜನಕ, ಇಂಗಾಲ ಹಾಕಿ, ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಕಡೆಯೇ ಹಸಿರುಗಟ್ಟಿತು. ಜೌಗಿನಲ್ಲಿ ಜೊಂಡು ಇದ್ದರೆ ಹಳ್ಳದ ನೀರು ನಿಧಾನವಾಗುತ್ತದೆ, ಹೂಳು ಅಲ್ಲೇ ತಳ ಸೇರುತ್ತದೆ. ನ್ಯೂಯಾರ್ಕ್ ನಗರ 1997ರ ಒಪ್ಪಂದದ ನಂತರ ತನ್ನ ಕುಡಿಯುವ ನೀರು ಹರಿದು ಬರುವ ಜಲಾನಯನದ ಜಮೀನನ್ನೇ ಕೊಂಡು ಕಾಪಾಡುತ್ತಾ ಬಂದಿದ್ದು ಸುಮ್ನೆ ಅಲ್ಲ. ದೊಡ್ಡ ಶೋಧನಾ ಘಟಕ ಕಟ್ಟುವುದಕ್ಕಿಂತ ಅದೇ ಅಗ್ಗ ಅಂತ ಲೆಕ್ಕ ಹಾಕಿತ್ತು.

ನಮ್ಮ ಟ್ರಸ್ಟಿನ ಹಳೇ ಕೆಲಸ ನಿಮ್ಮ ಕಣ್ಣೆದುರೇ ಇದೆ. ಮನೆ ಮನೆ ಹತ್ತಿಳಿದು, ದಂಡೆಯ ಪೊದೆ ಕೀಳುವುದಿಲ್ಲ, ಅಂಗಳದ ಹುಲ್ಲಿಗೆ ರಸಗೊಬ್ಬರ ಸುರಿಯುವುದಿಲ್ಲ ಅಂತ ಬರೆಸಿಕೊಂಡೆವು. ಅಂದು ನಮ್ಮನ್ನು ನೋಡಿ ಬಾಗಿಲು ಹಾಕಿಕೊಂಡವರೇ ಇಂದು ಪಕ್ಕದ ಮನೆಯವರಿಗೆ ಬುದ್ಧಿ ಹೇಳುತ್ತಾರೆ! ದಂಡೆಗೆ ಕಲ್ಲಿನ ಗೋಡೆ ಕಟ್ಟಲು ಹೊರಟವರನ್ನು ನಿಲ್ಲಿಸಿ, ಗೋಡೆಗೆ ಬಡಿದ ಅಲೆ ಪಕ್ಕದ ದಂಡೆಯನ್ನು ಕೊರೆಯುವುದನ್ನು ತೋರಿಸಿದೆವು. ಅವರೇ ಈಗ ಅಲ್ಲಿ ಗಿಡ ನೆಟ್ಟಿದ್ದಾರೆ. ಇಷ್ಟು ಸಣ್ಣ ಟ್ರಸ್ಟ್ ಇದನ್ನೆಲ್ಲ ಮಾಡಿತಾ ಅಂತ ನೋಡಲು ಬಂದವರು ಕೇಳುತ್ತಾರೆ. ಜಂಬ ಜಾಸ್ತಿಯಾಯಿತು ಅನ್ನಿಸಿದರೆ ಕ್ಷಮಿಸಿ.

ಇನ್ನು ದುಡ್ಡಿನ ಮಾತು. ಹೆಚ್ಚುಕಡಿಮೆ ಮುಕ್ಕಾಲು ಪಾಲು ಕೂಡಿದೆ. ಉಳಿದ ಕಾಲು ಪಾಲು, ಮೇಲೆ ನೋಂದಣಿ, ಅಳತೆ, ಬೇಲಿಯ ಖರ್ಚು ಬೇಕು. ಆ ಜಾಗದಲ್ಲಿ ಮುಂದೆ ಯಾರೂ ಏನೂ ಕಟ್ಟದಂತೆ ಪತ್ರದಲ್ಲೇ ಷರತ್ತು ಹಾಕಿಸುತ್ತೇವೆ. ಒಂದೇ ಸಲಕ್ಕೆ ಕೊಡಲಾಗದವರು ಎಷ್ಟು, ಯಾವಾಗ ಅಂತ ಈ ವಾರವೇ ಬರೆದು ತಿಳಿಸಿ. ಆ ಮಾತಿನ ಮೇಲೆ ಕೈಸಾಲ ಎತ್ತುತ್ತೇವೆ. ಖಜಾಂಚಿಗಳು ರಸೀದಿ ಪುಸ್ತಕ ಹಿಡಿದು ಭಾನುವಾರ ಮನೆಗೇ ಬರುತ್ತಾರೆ.

ಇತಿ,
ಟ್ರಸ್ಟಿಗಳು